ನಾಲ್ಕು ಗಂಟೆಗೆ ಹೊಡೆದ ಹನ್ನೊಂದು

ಪುರಸಭೆಯವರು ಸ್ವಾತಂತ್ರ್ಯ ಹೋರಾಟದ ನೆನಪಿಗೆಂದು ದಪ್ಪನೆಯ ಪುಸ್ತಕವೊಂದನ್ನು ಹೊರತಂದಿದ್ದಾರೆ. ಅದರ ನೂರ ಹದಿನೇಳನೆಯ ಪುಟದಲ್ಲಿ, ಸೋಡಾ ಕಾರ್ಖಾನೆಯ ಮಾಲೀಕರ ದೊಡ್ಡ ಭಾವಚಿತ್ರದ ಕೆಳಗೆ, ನಮ್ಮಜ್ಜನಿಗೆ ಮೂರು ಸಾಲು ಸಿಕ್ಕಿದೆ. ‘ಗೋಪುರದ ಗಡಿಯಾರ ನೋಡಿಕೊಳ್ಳುತ್ತಿದ್ದ ಇವರು ಸರ್ಕಾರದ ಆಜ್ಞೆಯನ್ನು ಧಿಕ್ಕರಿಸಿ, ವೀರಾವೇಶದಿಂದ ಗಂಟೆ ಬಾರಿಸಿದರು’ ಎಂದು. ಮೂರು ಸಾಲಿನಲ್ಲಿ ಮೂರು ತಪ್ಪು. ಆಜ್ಞೆಯನ್ನು ಅವರು ಧಿಕ್ಕರಿಸಲಿಲ್ಲ, ಅಕ್ಷರ ಬಿಡದೆ ಪಾಲಿಸಿದರು. ಕೊನೆಯ ಹತ್ತು ನಿಮಿಷದ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ವೀರಾವೇಶ ಅವರ ಜಾಯಮಾನದಲ್ಲೇ ಇರಲಿಲ್ಲ. ಗೋಡೆಯಿಂದ ಹಲ್ಲಿ ಬಿದ್ದರೆ ಸ್ಟೂಲು ಹತ್ತುವ ಮನುಷ್ಯ ಅವರು. ಇನ್ನು ಗಂಟೆಯನ್ನಂತೂ ಅವರು ಮುಟ್ಟಲೇ ಇಲ್ಲ. ಮುಟ್ಟಲಿಲ್ಲ ಎಂದೇ ಅವರನ್ನು ಜೈಲಿಗೆ ಹಾಕಿದ್ದು.

ನಾನು ಹುಟ್ಟುವ ಹೊತ್ತಿಗೆ ಇದೆಲ್ಲ ನಡೆದು ಎಷ್ಟೋ ವರ್ಷ ಆಗಿತ್ತು. ಆದರೆ ಅಜ್ಜ ಒಂದು ಸಲ, ಅಜ್ಜಿ ಹತ್ತು ಸಲ ಹೇಳಿ ನನಗೆ ಬಾಯಿಪಾಠವಾಗಿದೆ. ಇಬ್ಬರ ಕಥೆಯೂ ಒಂದೇ. ಅಜ್ಜನ ಕಥೆಯಲ್ಲಿ ಚಕ್ರಗಳು ಜಾಸ್ತಿ, ಅಜ್ಜಿಯ ಕಥೆಯಲ್ಲಿ ಅಜ್ಜನ ತಪ್ಪುಗಳು ಜಾಸ್ತಿ, ಅಷ್ಟೇ ವ್ಯತ್ಯಾಸ.

ಊರಿನ ಚೌಕದ ನಡುವೆ ಗೋಪುರ. ತೊಂಬತ್ತೆರಡು ಮೆಟ್ಟಿಲು. ಮೇಲೆ ಗಡಿಯಾರ, ಅದರ ಮೇಲೆ ಗಂಟೆ, ಬುಡದಲ್ಲಿ ಎರಡು ಕೋಣೆ. ಆ ಎರಡು ಕೋಣೆಯಲ್ಲಿ ಅಜ್ಜ, ಅಜ್ಜಿ, ಎರಡು ವರ್ಷದ ಕೂಸಾಗಿದ್ದ ನಮ್ಮಮ್ಮ. ಕೋಣೆ ಸರ್ಕಾರದ್ದು, ಗಡಿಯಾರ ಸರ್ಕಾರದ್ದು, ಅಜ್ಜನೂ ಸರ್ಕಾರದವರೇ ಎಂದು ಅಜ್ಜಿ ಸೇರಿಸುತ್ತಿದ್ದರು. ಗಡಿಯಾರದ ಎರಡು ಭಾರವಾದ ತೂಕದ ಗುಂಡುಗಳು ಅಡುಗೆಮನೆಯ ಗೋಡೆಯ ಹಿಂದೆ ಮರದ ಕೊಳವೆಯೊಳಗೆ ಇಳಿಯುತ್ತಿದ್ದವು. ಒಂದು ಮುಳ್ಳು ನಡೆಸಲು, ಇನ್ನೊಂದು ಗಂಟೆ ಹೊಡೆಸಲು. ಗಂಟೆ ಹೊಡೆಯುವಾಗಲೆಲ್ಲ ಆ ಗುಂಡು ಗಡಗಡ ಎಂದು ಒಂದಿಷ್ಟು ಇಳಿಯುವುದು, ಗೋಡೆ ನಡುಗುವುದು, ಅಜ್ಜಿಯ ಪಾತ್ರೆಗಳ ಮುಚ್ಚಳಗಳು ತಾಳ ಹಾಕುವುವು. ಎಷ್ಟು ಗಂಟೆಯಾಯಿತು ಎಂದು ತಿಳಿಯಲು ಅವರು ಮೇಲೆ ನೋಡುತ್ತಲೇ ಇರಲಿಲ್ಲ, ಮುಚ್ಚಳ ಎಣಿಸಿದರೆ ಆಯಿತು.

ಅಜ್ಜ ಹದಿನಾರನೆಯ ವಯಸ್ಸಿಗೆ ಆ ಕೆಲಸಕ್ಕೆ ಸೇರಿದವರು. ಮೊದಲು ತಮ್ಮ ಅಪ್ಪನ ಕೈಕೆಳಗೆ, ಆಮೇಲೆ ಒಬ್ಬರೇ. ಬೆಳಗ್ಗೆ ಆರಕ್ಕೆ ಬುಡದಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತುವುದು, ಏಕೆಂದರೆ ಚಪ್ಪಲಿಯ ಧೂಳು ಹಲ್ಲುಚಕ್ರಕ್ಕೆ ವಿಷ. ಮೊಳದುದ್ದದ ಕೀ ಹಾಕಿ ಎರಡು ತೂಕಗಳನ್ನೂ ಮೇಲಕ್ಕೆಳೆಯುವುದು. ಹನ್ನೊಂದರಿಂದ ಹನ್ನೆರಡರವರೆಗೆ ಎಣ್ಣೆಯ ಡಬ್ಬಿ ಹಿಡಿದು ಪ್ರತಿ ಕೀಲಿಗೂ ಒಂದೊಂದು ಹನಿ. ಹಾಲುಗಾಜಿನ ಮುಖದ ಹಿಂದೆ ಆ ಹೊತ್ತಿನಿಂದ ಸಂಜೆಯವರೆಗೆ ಬಿಸಿಲು ಬರುವುದರಿಂದ, ಚೌಕದಲ್ಲಿ ನಿಂತವರಿಗೆ ಅವರ ನೆರಳು ಗಡಿಯಾರದೊಳಗೆ ಓಡಾಡುವುದು ಕಾಣುತ್ತಿತ್ತು, ಕೂತಾಗ ಮಾತ್ರ ಮರೆಯಾಗುತ್ತಿತ್ತು. ಊರಿನವರು ಅವರನ್ನು ಗಡಿಯಾರದಯ್ಯ ಎನ್ನುತ್ತಿದ್ದರು. ಒಂದು ಚಳಿಗಾಲದಲ್ಲಿ ಎಣ್ಣೆ ಗಟ್ಟಿಯಾಗಿ ಗಡಿಯಾರ ಒಂದು ನಿಮಿಷ ಹಿಂದೆ ಬಿತ್ತಂತೆ. ಅಜ್ಜ ಅದನ್ನು ಸರಿಮಾಡಿ, ಚೌಕದ ಅಂಗಡಿ ಅಂಗಡಿಗೂ ಹೋಗಿ, “ಬೆಳಗ್ಗೆ ಒಂದು ನಿಮಿಷ ತಪ್ಪಾಗಿತ್ತು, ಮನಸ್ಸಿಗೆ ಹಚ್ಕೋಬೇಡಿ” ಎಂದು ಹೇಳಿ ಬಂದರಂತೆ. ಯಾರಿಗೂ ಗೊತ್ತೇ ಆಗಿರಲಿಲ್ಲ. ಅಷ್ಟು ಸತ್ಯವಂತ ಗಂಡನ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ಅಜ್ಜಿ ಈ ಕಥೆಯ ನಡುವೆ ಯಾವಾಗಲೂ ಒಂದು ನಿಟ್ಟುಸಿರು ಬಿಡುತ್ತಿದ್ದರು.

ಅಜ್ಜಿ ಚೌಕದ ಆಚೆ ಬದಿಯ ಹೊಲಿಗೆ ಶಾಲೆಯಲ್ಲಿ ಕಾಜಾ ಹಾಕುತ್ತಿದ್ದರು. ಹದಿನಾಲ್ಕು ಹೆಂಗಸರು, ಉದ್ದನೆಯ ಮೇಜು, ಮೂರು ಕಿಟಕಿ, ಮೂರರಿಂದಲೂ ಗೋಪುರ ಕಾಣುತ್ತಿತ್ತು. ಚಳವಳಿಯ ಗಾಳಿ ಮೊದಲು ಬೀಸಿದ್ದು ಆ ಮೇಜಿಗೆ. ಮುಂದಾಳುಗಳನ್ನೆಲ್ಲ ಸರ್ಕಾರ ಒಳಗೆ ಹಾಕಿತ್ತು. ಐದು ಜನಕ್ಕಿಂತ ಹೆಚ್ಚು ಸೇರಬಾರದು, ಬಾವುಟ ಹಿಡಿಯಬಾರದು, ಕೂಗಬಾರದು ಎಂದು ಗೋಡೆ ಗೋಡೆಗೂ ಕಾಗದ ಅಂಟಿಸಿತ್ತು. ಆಗ ಊರಿನ ಸಮಿತಿಯ ಹಿರಿಯರೊಬ್ಬರು, ನಿವೃತ್ತರಾದ ಶಾಲಾ ಮೇಷ್ಟ್ರು, ಒಂದು ಉಪಾಯ ಹೇಳಿದರು.

“ಸೇರೋದು ಬೇಡ, ಕೂಗೋದು ಬೇಡ. ಗೋಪುರ ಹನ್ನೊಂದು ಹೊಡೆದಾಗ ಯಾರು ಎಲ್ಲಿದ್ದಾರೋ ಅಲ್ಲೇ ಕೂತ್ಕೊಳ್ಳಿ. ಹನ್ನೆರಡು ಹೊಡೆದಾಗ ಎದ್ದು ಕೆಲಸ ನೋಡ್ಕೊಳ್ಳಿ. ಕೂತ್ಕೋಬಾರದು ಅಂತ ಇನ್ನೂ ಕಾನೂನು ಬಂದಿಲ್ಲ.”

ಮಾರನೆಯ ದಿನದಿಂದ ಊರು ಕೂರತೊಡಗಿತು. ಹನ್ನೊಂದನೆಯ ಹೊಡೆತ ಮುಗಿಯುತ್ತಿದ್ದಂತೆ ಗಿರಣಿಯ ಪಟ್ಟಿ ನಿಲ್ಲುವುದು, ಗಾಡಿಯವನು ಗಾಡಿಯ ನೆರಳಲ್ಲಿ ಕೂರುವುದು, ಕ್ಷೌರಿಕ ಅರ್ಧ ಗಡ್ಡ ಬಿಟ್ಟು ಕೂರುವುದು, ಉಳಿದರ್ಧ ಗಡ್ಡದವನು ಹೇಗೂ ಕೂತೇ ಇದ್ದ. ಪೊಲೀಸರು ಯಾರನ್ನು ಹಿಡಿಯಬೇಕು? ತನ್ನ ಅಂಗಡಿಯಲ್ಲಿ ತಾನು ಕೂತವನನ್ನು ಹಿಡಿಯಲು ಕಾರಣ ಬೇಕಲ್ಲ. ರಾತ್ರಿಯೂ ಹನ್ನೊಂದು ಹೊಡೆಯುತ್ತಲ್ಲ ಎಂದು ಯಾರೋ ಕೇಳಿದ್ದಕ್ಕೆ ಮೇಷ್ಟ್ರು, ಮಲಗಿದವರನ್ನೂ ಕೂತವರ ಲೆಕ್ಕಕ್ಕೆ ತಗೊಳ್ಳೋಣ ಎಂದರಂತೆ.

ಊರೆಲ್ಲ ಕೂತರೂ ಒಬ್ಬರು ಮಾತ್ರ ಕೂರಲಿಲ್ಲ. ಹೊಲಿಗೆ ಶಾಲೆಯ ನೆಲದ ಮೇಲೆ ಕೂತ ಹದಿನಾಲ್ಕು ಹೆಂಗಸರಿಗೆ, ನಿಶ್ಶಬ್ದವಾದ ಚೌಕದಾಚೆ, ಗಡಿಯಾರದ ಗಾಜಿನೊಳಗೆ ಎಣ್ಣೆ ಡಬ್ಬಿ ಹಿಡಿದ ನೆರಳೊಂದು ಅತ್ತಿಂದಿತ್ತ ಓಡಾಡುವುದು ಕಾಣುತ್ತಿತ್ತು. ಅವರಲ್ಲಿ ಹದಿಮೂರು ಜನ ಅಜ್ಜಿಯ ಮುಖ ನೋಡುತ್ತಿದ್ದರು.

“ಎಲ್ಲರೂ ಕೂತ್ರೆ ಗಡಿಯಾರಕ್ಕೆ ಎಣ್ಣೆ ಹಾಕೋರು ಯಾರು? ಎಣ್ಣೆ ಇಲ್ದೆ ಅದು ನಿಂತ್ರೆ ಹನ್ನೆರಡು ಹೊಡೆಯೋದು ಯಾವಾಗ, ನೀವೆಲ್ಲ ಏಳೋದು ಯಾವಾಗ?” ಎಂದು ಅಜ್ಜ ವಾದಿಸಿದರು.

“ಒಂದು ಗಂಟೆ ತಡವಾಗಿ ಎಣ್ಣೆ ಹಾಕಿದ್ರೆ ನಿಮ್ಮ ಗಡಿಯಾರ ಹಸಿದು ಸಾಯೋದಿಲ್ಲ” ಎಂದರು ಅಜ್ಜಿ. “ಹೆದರಿಕೆ ಅಂತ ಒಪ್ಕೊಳ್ಳಿ, ಸುಮ್ನಾಗ್ತೀನಿ.”

ಅಜ್ಜ ಒಪ್ಪಿಕೊಳ್ಳಲಿಲ್ಲ. ಹೆದರಿಕೆ ಇತ್ತು ಎಂದು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದರು: ಕೆಲಸ ಹೋದರೆ ಕೋಣೆ ಹೋಗುತ್ತೆ, ಕೂಸು ಸಣ್ಣದು. ಅದನ್ನು ಅವತ್ತು ಹೆಂಡತಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲವಾದ್ದರಿಂದ ಅಜ್ಜಿ ಮನೆಯೊಳಗೇ ಅಸಹಕಾರ ಹೂಡಿದರು. ಗಂಡನ ಜೊತೆ ಮಾತು ಬಂದ್. ಹೇಳುವುದೇನಿದ್ದರೂ ಕೂಸಿನ ಮೂಲಕ. “ಮಗಳೇ, ನಿಮ್ಮಪ್ಪನಿಗೆ ಹೇಳು, ಊಟ ಬಡಿಸಿದೆ.” “ಮಗಳೇ, ಸರ್ಕಾರದವರು ಸೌದೆ ಒಡೀತಾರಾ ಕೇಳು.” ನಮ್ಮಮ್ಮನಿಗೆ ಆಗ ಬರುತ್ತಿದ್ದದ್ದು ಮೂರು ಮಾತು, ಅದರಲ್ಲಿ ಒಂದು ಬೆಕ್ಕಿನ ಹೆಸರು. ಆದರೂ ರಾಯಭಾರ ಚೆನ್ನಾಗಿ ನಡೆಯಿತು.

ಹೀಗಿರುವಾಗ ಸಾಹೇಬರಿಂದ ಅಜ್ಜನಿಗೆ ಕರೆ ಬಂತು. ಈ ಸಾಹೇಬರು ಸಮುದ್ರದಾಚೆಯಿಂದ ಬಂದು ನಮ್ಮ ಊರನ್ನು ಆಳುತ್ತಿದ್ದವರು. ನಮ್ಮ ಭಾಷೆಯನ್ನು ಪುಸ್ತಕದಿಂದಲೇ ಕಲಿತಿದ್ದರು. ಪುಸ್ತಕವೂ ಹಳೆಯದಿರಬೇಕು. ಅಜ್ಜನನ್ನು ಮೇಜಿನ ಮುಂದೆ ನಿಲ್ಲಿಸಿ, “ಎಲೈ ಗಡಿಯಾರಪಾಲಕನೇ, ಸೋಮವಾರ ಮೊದಲ್ಗೊಂಡು ಪ್ರತಿದಿನ ಪ್ರಾತಃಕಾಲದ ಹನ್ನೊಂದು ಗಂಟೆಗೆ ಘಂಟಾನಾದವು ಆಗತಕ್ಕದ್ದಲ್ಲ” ಎಂದರು.

ಹನ್ನೊಂದು ಹೊಡೆಯದಿದ್ದರೆ ಜನ ಕೂರುವುದಿಲ್ಲ. ಇದು ಅವರ ಯೋಚನೆ. ಯೋಚನೆಯೇನೋ ಚೆನ್ನಾಗಿತ್ತು. ಅಜ್ಜ ಕೈಮುಗಿದು, ಕಸುಬಿನವನ ಕರ್ತವ್ಯ ಎಂದು ಒಂದು ಮಾತು ಹೇಳಿದರು.

“ಸ್ವಾಮಿ, ಗಂಟೆ ಹೊಡೆಯೋ ಯಂತ್ರಕ್ಕೂ ಮುಳ್ಳಿಗೂ ಮಾತುಕತೆ ಇಲ್ಲ. ಗಂಟೆ ಆದಾಗ ಮುಳ್ಳು ಬರೀ ‘ಹೊಡಿ’ ಅನ್ನುತ್ತೆ. ಎಷ್ಟು ಅಂತ ಹೇಳಲ್ಲ. ಎಷ್ಟು ಅನ್ನೋದು ಒಂದು ಎಣಿಕೆ ಚಕ್ರದಲ್ಲಿದೆ. ಹಿಂದಿನ ಸಲ ಹತ್ತು ಹೊಡೆದಿದ್ರೆ ಈ ಸಲ ಹನ್ನೊಂದು, ಅಷ್ಟೇ ಅದಕ್ಕೆ ಗೊತ್ತು. ಮಗ್ಗಿ ಹೇಳೋ ಮಗುವಿನ ಬಾಯಿ ಮುಚ್ಚಿ ಬಿಟ್ರೆ ನಿಂತಲ್ಲಿಂದಲೇ ಮುಂದುವರಿಸುತ್ತಲ್ಲ, ಹಾಗೆ. ನಾವು ಒಂದು ಸಲ ತಡೆದ್ರೆ...”

“ಸಾಕು” ಎಂದರು ಸಾಹೇಬರು. “ನೀನು ನನಗೆ ಯಂತ್ರಶಾಸ್ತ್ರವನ್ನು ಬೋಧಿಸತಕ್ಕವನಲ್ಲ.”

“ಅಲ್ಲ ಸ್ವಾಮಿ, ತಡೆದ ಮೇಲೆ ಕೊಕ್ಕೆ ಎತ್ತಿ ಎಣಿಕೆ ಸರಿಮಾಡ್ಬೇಕಾಗುತ್ತೆ, ಅದಕ್ಕೆ ಅಪ್ಪಣೆ...”

ಸಾಹೇಬರ ಹುಬ್ಬು ಮೇಲೇರಿತು. ಇವನು ಚಳವಳಿಯವಳೊಬ್ಬಳ ಗಂಡ ಎಂಬುದು ಅವರಿಗೆ ಗೊತ್ತಿತ್ತು. ಕೊಕ್ಕೆ ಎತ್ತುವ ನೆಪದಲ್ಲಿ ಬೇಕಾದಾಗ ಗಂಟೆ ಬಾರಿಸಿ ಜನರಿಗೆ ಸನ್ನೆ ಕೊಡುತ್ತಾನೆ ಎಂದುಕೊಂಡರು. ಕಾಗದ ತರಿಸಿ ತಾವೇ ಬರೆದರು: ಹನ್ನೊಂದು ಗಂಟೆಯ ನಾದವನ್ನು ತಡೆಯತಕ್ಕದ್ದು, ಅದರ ಹೊರತು ಗಂಟೆಯ ಯಂತ್ರಕ್ಕೆ ಪಾಲಕನು ಒಂದು ಬೆರಳನ್ನೂ ಸೋಕಿಸತಕ್ಕದ್ದಲ್ಲ. ಸಹಿ, ಮೊಹರು. ಅದರ ಪ್ರತಿ ರಾಜಧಾನಿಗೆ ಹೋಗಿ, ಅಲ್ಲಿಯೂ ಒಪ್ಪಿಗೆಯಾಗಿ, ಮುದ್ರೆ ಬಿದ್ದು ಬಂತು.

ಅಜ್ಜ ಕಾಗದವನ್ನು ಮನೆಗೆ ತಂದು ಗೂಟಕ್ಕೆ ಸಿಕ್ಕಿಸಿದರು. ಅಜ್ಜಿ ಓದಿ, ಕೂಸನ್ನೆತ್ತಿಕೊಂಡು, “ಮಗಳೇ, ನಿಮ್ಮಪ್ಪ ಸೋಮವಾರದಿಂದ ಗಂಟೆಯ ಕತ್ತು ಹಿಸುಕ್ತಾರಂತೆ, ನೋಡು” ಎಂದರು.

ಈಗ ಅಜ್ಜನಿಗೆ ಮುಂದೆ ಆಗುವುದು ಗೊತ್ತಿತ್ತೇ ಎಂದು ಕೇಳಬಹುದು. ಇಪ್ಪತ್ತೆರಡು ವರ್ಷ ಆ ಚಕ್ರಗಳ ಜೊತೆ ಕಳೆದವರಿಗೆ ಗೊತ್ತಿರದೆ ಏನು? ಅವರು ಹೇಳಹೊರಟಿದ್ದೂ ಅದನ್ನೇ. ಕೇಳುವವರು ಕೇಳಲಿಲ್ಲ. ಎರಡನೆಯ ಸಲ ಜೋರಾಗಿ ಹೇಳಬಹುದಿತ್ತು, ಹೇಳಲಿಲ್ಲ. ಅಷ್ಟರಮಟ್ಟಿಗೆ ಅಜ್ಜ ಸೋಮವಾರಕ್ಕೆ ಮೊದಲೇ ಚಳವಳಿಗೆ ಸೇರಿದ್ದರು ಎಂಬುದು ನನ್ನ ವಾದ. ಅಜ್ಜಿ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ.

ಸೋಮವಾರ ಹನ್ನೊಂದಕ್ಕೆ ಅಜ್ಜ ಗಂಟೆಯ ಕೊಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದರು. ಸದ್ದಿಲ್ಲ. ಹೊಲಿಗೆ ಶಾಲೆಯಲ್ಲಿ ಸೂಜಿ ಹಿಡಿದ ಕೈಗಳು ಹಾಗೇ ನಿಂತವು. ಚೌಕದಲ್ಲಿ ಜನ ತಲೆಯೆತ್ತಿ ನೋಡಿದರು. ಗಾಜಿನೊಳಗೆ ಆ ನೆರಳು ಒಂದು ಕೈ ಎತ್ತಿ ಏನನ್ನೋ ಅದುಮಿ ಹಿಡಿದಿತ್ತು. ಯಾರೂ ಕೂರಲಿಲ್ಲ. ಅಜ್ಜಿ ನಾಚಿಕೆಯಿಂದ ಕಾಜಾ ಹಾಕುವ ಬದಲು ಗುಂಡಿ ತೂರಿಸುವ ಕಿಂಡಿಯನ್ನೇ ಹೊಲಿದು ಮುಚ್ಚಿಬಿಟ್ಟರು. ಸಾಹೇಬರು ಆ ಸಂತೋಷದಲ್ಲೇ ‘ಕೂರುವ ರೋಗವು ವಾಸಿಯಾಗಿದೆ’ ಎಂದು ರಾಜಧಾನಿಗೆ ತಂತಿ ಕೊಟ್ಟರು.

ಹನ್ನೆರಡಾಯಿತು. ಗಂಟೆ ಹೊಡೆಯತೊಡಗಿತು. ಎಂಟು, ಒಂಬತ್ತು, ಹತ್ತು, ಹನ್ನೊಂದು, ಅಲ್ಲಿಗೆ ನಿಂತಿತು.

ಮುಳ್ಳು ಹನ್ನೆರಡು ತೋರಿಸುತ್ತಿದೆ, ಗಂಟೆ ಹನ್ನೊಂದು ಹೇಳುತ್ತಿದೆ. ಚೌಕದಲ್ಲಿ ಜನರಿಗೆ ಕೂರಬೇಕೋ ಬೇಡವೋ ತಿಳಿಯಲಿಲ್ಲ. ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಔಷಧಿ ಅಂಗಡಿಯ ಮುಂದೆ ಕೊಡೆ ಹಿಡಿದು ನಿಂತಿದ್ದರು.

“ನಾವು ಕೊಟ್ಟ ಮಾತೇನು?” ಎಂದು ಕೇಳಿದರು. “ಗೋಪುರ ಹನ್ನೊಂದು ಹೊಡೆದಾಗ ಅಂತ. ಮುಳ್ಳಿನ ಮಾತು ನಾವು ಎತ್ತಿರಲೇ ಇಲ್ಲ.” ಹೀಗೆಂದು ಕೊಡೆ ಮಡಚಿ ಮೆಟ್ಟಿಲ ಮೇಲೆ ಕೂತರು. ಊರು ಕೂತಿತು. ಹನ್ನೆರಡು ಹೊಡೆಯುವವರೆಗೆ, ಎಂದರೆ ಮಧ್ಯಾಹ್ನ ಒಂದರವರೆಗೆ, ಏಳಲಿಲ್ಲ.

ಸಾಹೇಬರು ಅಜ್ಜನನ್ನು ಕರೆಸಿ ಕೂಗಾಡಿದರು. ಕೋಪ ಬಂದಾಗ ಅವರ ಪುಸ್ತಕ ಅವರಿಗೆ ಕೈಕೊಡುತ್ತಿತ್ತು. ಬರೀ “ಎಲೈ, ಎಲೈ” ಎಂದರಂತೆ. ಅಜ್ಜ ಗೂಟದಿಂದ ತೆಗೆದು ತಂದ ಕಾಗದವನ್ನು ಮೇಜಿನ ಮೇಲೆ ಹರಡಿ, ‘ಒಂದು ಬೆರಳನ್ನೂ’ ಎಂಬಲ್ಲಿ ತಮ್ಮ ಬೆರಳಿಟ್ಟು ತೋರಿಸಿದರು. ಅದನ್ನು ಬದಲಿಸಲು ಸಾಹೇಬರಿಗೆ ಅಧಿಕಾರವಿರಲಿಲ್ಲ, ರಾಜಧಾನಿಯ ಮುದ್ರೆ ಬಿದ್ದಿತ್ತಲ್ಲ. ಅಲ್ಲಿಗೆ ಮತ್ತೆ ಬರೆಯಬೇಕು. ಬರೆದರೆ ವಾಸಿಯಾದ ರೋಗ ಒಂದೇ ಗಂಟೆಯಲ್ಲಿ ಮರುಕಳಿಸಿದ್ದು ಹೇಗೆ ಎಂದು ಅವರು ಕೇಳುತ್ತಾರೆ. ಅಂತೂ ಬರೆದರು. ಉತ್ತರ ಬರಲು ಒಂದು ವಾರ.

ಆ ವಾರದ ತಮಾಷೆಯನ್ನು ನಾನು ಹೇಳುವುದಕ್ಕಿಂತ ಅಜ್ಜಿಯ ಬಾಯಲ್ಲಿ ಕೇಳಬೇಕಿತ್ತು. ದಿನವೂ ಹನ್ನೊಂದು ಗಂಟೆಗೆ ಒಂದು ಸಲ ಗಂಟೆಯ ಬಾಯಿ ಮುಚ್ಚುವುದು, ದಿನವೂ ಎಣಿಕೆ ಇನ್ನೊಂದು ಗಂಟೆ ಹಿಂದೆ ಬೀಳುವುದು. ಮಂಗಳವಾರ ಹನ್ನೊಂದು ಹೊಡೆದದ್ದು ಮಧ್ಯಾಹ್ನ ಒಂದಕ್ಕೆ. ಬುಧವಾರ ಎರಡಕ್ಕೆ. ಸರ್ಕಾರಿ ಕಚೇರಿಯ ಗುಮಾಸ್ತರು ಹತ್ತು ಹೊಡೆದ ಮೇಲೆಯೇ ಬಾಗಿಲು ತಳ್ಳುವವರು. ಬುಧವಾರ ಅವರು ಒಂದು ಗಂಟೆಗೆ ಬಂದು, ಕೈತೊಳೆದು, ಶಾಯಿ ಕದಡಿ, ಎರಡು ಗಂಟೆಗೆ ಹನ್ನೊಂದು ಹೊಡೆಯಿತೆಂದು ಕೂತರು. ಕೂತೇ ಕೆಲಸ ಮಾಡುವವರು ಕೂರುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಅವರು ಕುರ್ಚಿಯಿಂದಿಳಿದು ನೆಲದ ಮೇಲೆ ಕೂತರಂತೆ. ಸಾಹೇಬರ ಅಡುಗೆಯವನಿಗೆ ಒಂದು ಹೊಡೆದಾಗ ಊಟ ಬಡಿಸಬೇಕೆಂಬ ಅಪ್ಪಣೆ ಇತ್ತು. ಗುರುವಾರ ಒಂದು ಹೊಡೆದದ್ದು ಸಂಜೆ ಐದಕ್ಕೆ. ಅಲ್ಲಿಯವರೆಗೆ ಸಾಹೇಬರು ಜೇಬುಗಡಿಯಾರ ತೋರಿಸಿ ತೋರಿಸಿ ಬೇಡಿಕೊಂಡರೂ, “ಅಪ್ಪಣೆ ಅಂದ್ರೆ ಅಪ್ಪಣೆ ಬುದ್ಧಿ” ಎಂದು ಆತ ಜಗ್ಗಲಿಲ್ಲ. ಊರು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು.

ನಗದೆ ಇದ್ದವರು ಇಬ್ಬರು. ಒಬ್ಬರು ಅಜ್ಜ. ಅವರ ಗಂಟೆ ಜನ್ಮದಲ್ಲಿ ಮೊದಲ ಸಲ ಸುಳ್ಳು ಹೇಳುತ್ತಿತ್ತು, ಅದೂ ದಿನಕ್ಕೆ ಇಪ್ಪತ್ಮೂರು ಸಲ. ಬೀದಿಯಲ್ಲಿ ಯಾರಾದರೂ ನಕ್ಕು, “ಏನಯ್ಯಾ, ಈಗೆಷ್ಟು?” ಎಂದರೆ ಅವರ ಕಿವಿ ಕೆಂಪಾಗುತ್ತಿತ್ತು. ಚೌಕದ ಮೂಲೆಮನೆಯಲ್ಲಿ ಕಣ್ಣು ಕಾಣದ ಮುದುಕಿಯೊಬ್ಬರು ಗಂಟೆ ಕೇಳಿ ಔಷಧಿ ಕುಡಿಯುವವರು. ಅಜ್ಜ ಆ ಐದೂ ದಿನ, ದಿನಕ್ಕೆ ಮೂರು ಸಲ ತೊಂಬತ್ತೆರಡು ಮೆಟ್ಟಿಲಿಳಿದು ಹೋಗಿ, “ಅಮ್ಮಾ, ಈಗ ಎಂಟು, ನಿಜವಾದ ಎಂಟು” ಎಂದು ಹೇಳಿ ಬರುತ್ತಿದ್ದರು. ಊಟ ಸೇರುತ್ತಿರಲಿಲ್ಲ, ಎಣ್ಣೆ ಡಬ್ಬಿ ಹಿಡಿದು ಸಂಜೆಯವರೆಗೂ ಮೇಲೇ ಓಡಾಡುತ್ತಿದ್ದರು. ಕೊಕ್ಕೆಯನ್ನು ನಾಲ್ಕೈದು ಸಲ ಎತ್ತಿಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು, ಅದು ಅವರಿಗೆ ಕೈ ಕಡಿತದ ಹಾಗೆ ಕಾಡುತ್ತಿತ್ತು.

ಇನ್ನೊಬ್ಬರು ಅಜ್ಜಿ. ಹೊಲಿಗೆ ಶಾಲೆಯವರು, “ನಿಮ್ಮ ಯಜಮಾನರು ಸಾಹೇಬರಿಗೆ ಚೆನ್ನಾಗಿ ಚಳ್ಳೆಹಣ್ಣು ತಿನ್ನಿಸಿದ್ರು ಬಿಡಿ” ಎಂದು ಹೊಗಳಿದರು. ಅಜ್ಜಿಯ ಮುಖ ಅರಳಲಿಲ್ಲ. ಮನೆಗೆ ಬಂದು ಕೂಸಿಗೆ ಹೇಳಿದರು: “ಇದೆಲ್ಲ ಕಾಗದದ ಪ್ರತಾಪ ಮಗಳೇ. ನಿಮ್ಮಪ್ಪ ಕಾಗದದ ಹಿಂದೆ ಬಚ್ಚಿಟ್ಕೊಂಡಿದ್ದಾರೆ. ಊರು ಕೂತಿರುವಾಗ ಆ ನೆರಳು ಇವತ್ತೂ ಓಡಾಡ್ತಾನೇ ಇತ್ತು.”

ಅಜ್ಜ ಗೋಡೆ ನೋಡುತ್ತಾ ಕೇಳಿಸಿಕೊಂಡರು. ನಿಜವಾದ್ದರಿಂದ ನೋವಾಯಿತು ಎಂದು ಅವರೇ ಹೇಳಿದ್ದಾರೆ.

ಶುಕ್ರವಾರ ನಾಲ್ಕು ಗಂಟೆಗೆ ಗವರ್ನರ್ ಬರುವುದಿತ್ತು. ಚೌಕದಲ್ಲಿ ಡೇರೆ ಎತ್ತುತ್ತಿದ್ದರು. ಅದರ ಹೊಲಿಗೆ ಬಿಚ್ಚಿದ ಕಡೆಯೆಲ್ಲ ಹೊಲಿಯಲು ಹೊಲಿಗೆ ಶಾಲೆಯವರನ್ನು ಕರೆಸಿದ್ದರು. ಕೆಂಪು ಹಾಸು, ಬ್ಯಾಂಡು, ಬಿಳಿ ಕೈಗವಸು ತೊಟ್ಟ ಸಾಹೇಬರು. ಮೂರು ಗಂಟೆಗೆ ಗೋಪುರ ಹೊಡೆಯಿತು. ಸಾಹೇಬರು ಆ ವಾರದಲ್ಲಿ ಮೊದಲ ಸಲ ಕುಳಿತು ಎಣಿಸಿದರು. ಹತ್ತು. ಹತ್ತರ ಮುಂದೆ ಏನು ಎಂದು ಲೆಕ್ಕ ಹಾಕಿದಾಗ ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತಂತೆ. ಮೊದಲು ಅಜ್ಜನನ್ನು ಕರೆತರಲು ಆಳನ್ನು ಕಳಿಸಿದರು. ಗಡಿಯಾರ ಬಿಟ್ಟು ಬರುವ ಹೊತ್ತಲ್ಲ ಎಂದು ಅಜ್ಜ ಹೇಳಿಕಳಿಸಿದರು. ಆಗ ತಾವೇ ಮೆಟ್ಟಿಲು ಹತ್ತಿದರು. ಮೇಲೆ ತಲುಪಿದಾಗ ನಾಲ್ಕಕ್ಕೆ ಹತ್ತು ನಿಮಿಷ.

ಅಜ್ಜ ಎಣ್ಣೆ ಡಬ್ಬಿಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು.

“ಗಂಟೆಯನ್ನು ತಡೆ” ಎಂದರು ಸಾಹೇಬರು, ಏದುಸಿರಿನ ನಡುವೆ.

“ಹನ್ನೊಂದು ಗಂಟೆಗೆ ತಡೆದಾಯ್ತು ಸ್ವಾಮಿ. ಅದರ ಹೊರತು ಒಂದು ಬೆರಳನ್ನೂ...”

“ಆ ಆಜ್ಞೆಯು ರದ್ದಾಗಿದೆ. ಕೊಡು ಇಲ್ಲಿ.” ಸಾಹೇಬರು ಕಾಗದವನ್ನು ಅಜ್ಜನ ಜೇಬಿನಿಂದ ಎಳೆದು, ರಾಜಧಾನಿಯ ಮುದ್ರೆ ಸಮೇತ ನಾಲ್ಕು ಚೂರು ಮಾಡಿದರು. “ಈಗ ಕಾಗದವಿಲ್ಲ. ಈಗ ನಾನು ಬಾಯಿಂದ ಹೇಳುತ್ತಿದ್ದೇನೆ. ತಡೆ.”

ಒಂದು ಬೆರಳಿನ ಕೆಲಸ. ಕೊಕ್ಕೆ ಅಜ್ಜನ ಭುಜದ ಎತ್ತರದಲ್ಲೇ ಇತ್ತು. ತಡೆದರೆ ಕೆಲಸ ಉಳಿಯುತ್ತೆ, ಎರಡು ಕೋಣೆ ಉಳಿಯುತ್ತೆ, ಪಾತ್ರೆ ಪಡಗ ಕೂಸು ಎಲ್ಲ ಇದ್ದಲ್ಲೇ ಇರುತ್ತೆ. ಬಚ್ಚಿಟ್ಟುಕೊಳ್ಳಲು ಕಾಗದವೂ ಇಲ್ಲ. ಅಜ್ಜ ಗಾಜಿನ ಕಡೆ ನೋಡಿದರು. ಒಳಗಿನಿಂದ ಚೌಕ ಕಾಣುವುದಿಲ್ಲ, ಬರೀ ಬೆಳಕು. ಡಬ್ಬಿಯನ್ನು ಕೆಳಗಿಟ್ಟರು. ಮೂಲೆಯ ಸ್ಟೂಲನ್ನು ಎಳೆದುಕೊಂಡರು. ಕೂತರು. ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡರು.

“ಆಗಲ್ಲ ಸ್ವಾಮಿ.”

“ಇನ್ನೂ ಗಂಟೆ ಹೊಡೆದಿಲ್ಲ. ನೀನು ಈಗಲೇ ಏಕೆ ಕುಳಿತೆ?”

“ನಾನು ಐದು ದಿನ ತಡವಾಗಿದ್ದೀನಿ” ಎಂದರು ಅಜ್ಜ. “ಹತ್ತು ನಿಮಿಷ ಮುಂಚೆ ಕೂತ್ರೆ ತಪ್ಪಿಲ್ಲ.” ಗಡಿಯಾರ ನೋಡಿಕೊಳ್ಳುವವರ ಬಾಯಲ್ಲಿ ಹೊತ್ತಿನ ಲೆಕ್ಕ ತಪ್ಪಿದ್ದು ಅದೊಂದೇ ಸಲ. ಕೂರುವುದು ಶುರುವಾಗಿ ಆಗಲೇ ಮೂರು ವಾರ ಕಳೆದಿತ್ತು.

ಸಾಹೇಬರು ತಾವೇ ತಡೆಯಲು ಹೋದರು. ಅಲ್ಲಿ ಮೂವತ್ತೇಳು ಕೊಕ್ಕೆ, ಕಂಬಿ, ಸರಳುಗಳಿದ್ದವು. ಒಂದೊಂದನ್ನೇ ಹಿಡಿದು ನೋಡಿದರು. ಅಜ್ಜ ದಿನವೂ ಎಣ್ಣೆ ಹಾಕಿದ್ದೆಲ್ಲ ಬಿಳಿ ಕೈಗವಸಿಗೆ ಮೆತ್ತಿ ಇಜ್ಜಿಲಿನಂತಾಯಿತು. ಅಷ್ಟರಲ್ಲಿ ಕೆಳಗೆ ಗವರ್ನರ ಕಾರಿನ ಹಾರನ್ನು. ಸಾಹೇಬರು ಓಡಿದರು. ಅವರು ಮೆಟ್ಟಿಲಿನ ಅರ್ಧದಲ್ಲಿದ್ದಾಗ ಗಂಟೆ ಶುರುವಾಯಿತು.

ಅಜ್ಜಿ ಡೇರೆಯ ಅಂಚು ಹೊಲಿಯುತ್ತಿದ್ದರು. ಎಣಿಸಿದರು. ಹನ್ನೊಂದನೆಯದು ಮುಗಿದಾಗ ಚೌಕ ಕೂತಿತು. ಬ್ಯಾಂಡಿನವರು ತುತ್ತೂರಿಗಳನ್ನು ಮಡಿಲಲ್ಲಿಟ್ಟು ಕೂತರು. ಹಾಸು ಬಿಡಿಸುತ್ತಿದ್ದವರು ಅರ್ಧ ಸುರುಳಿಯ ಮೇಲೇ ಕೂತರು. ಡೇರೆಯ ಹಗ್ಗ ಹಿಡಿದವರು ಮಾತ್ರ, ಬಿಟ್ಟರೆ ಗುಡಾರ ಯಾರ ತಲೆಯ ಮೇಲಾದರೂ ಬಿದ್ದು ಹಿಂಸೆಯಾದೀತೆಂದು, ಹಗ್ಗ ಬಿಗಿಹಿಡಿದುಕೊಂಡೇ ಕೂತರು. ಕಾರಿನ ಚಾಲಕ ಚೌಕದ ಬಾಯಲ್ಲಿ ಕಾರು ನಿಲ್ಲಿಸಿ, ಇಳಿದು, ಗವರ್ನರಿಗೆ ಬಾಗಿಲು ತೆಗೆದು, ನಮಸ್ಕರಿಸಿ, ಚಕ್ರದ ಪಕ್ಕ ಕೂತ. ಅಷ್ಟು ದೊಡ್ಡ ಚೌಕದಲ್ಲಿ ಪೊಲೀಸರನ್ನು ಬಿಟ್ಟರೆ ನಿಂತವರು ಗವರ್ನರ್ ಒಬ್ಬರೇ. ಅವರ ಕಡೆಗೆ ಕಪ್ಪು ಕೈ ಚಾಚಿಕೊಂಡು ಸಾಹೇಬರು ಓಡಿ ಬಂದರು.

ಅಜ್ಜಿ ಅವರನ್ನು ನೋಡಲಿಲ್ಲ. ಅಭ್ಯಾಸಬಲದಿಂದ ಅವರ ಕಣ್ಣು ಗೋಪುರಕ್ಕೆ ಹೋಯಿತು. ಈ ವಾರವೆಲ್ಲ ಕೂರುವ ಹೊತ್ತಿನಲ್ಲಿ ಅಲ್ಲಿ ಆ ನೆರಳು ಇದ್ದೇ ಇರುತ್ತಿತ್ತು. ಗಾಜಿನ ಹಿಂದೆ ಬಿಸಿಲಿತ್ತು, ಮುಳ್ಳುಗಳಿದ್ದವು. ನೆರಳು ಇರಲಿಲ್ಲ. ಒಂದು ನಿಮಿಷ ನೋಡಿದರು, ಎರಡು ನಿಮಿಷ ನೋಡಿದರು. ಆಮೇಲೆ ಪಕ್ಕದಲ್ಲಿದ್ದವಳ ತೋಳು ಹಿಡಿದು, “ಕೂತಿದ್ದಾರೆ ಕಣೇ, ನಮ್ಮೋರು ಕೂತಿದ್ದಾರೆ” ಎಂದರು. ಆ ಮಾತು ಹೇಳುವಾಗ ಮುದುಕಿಯಾದ ಮೇಲೂ ಅಜ್ಜಿ ನನ್ನ ತೋಳು ಹಿಡಿದುಕೊಳ್ಳುತ್ತಿದ್ದರು.

ಇಬ್ಬರು ಪೊಲೀಸರು ಮೇಲೆ ಹೋದರು. ಅಜ್ಜ ಜೈಲಿಗೆ ಬರಲು ಒಪ್ಪಿದರು. ಆದರೆ ಹನ್ನೆರಡು ಹೊಡೆಯುವವರೆಗೆ ಏಳುವ ಹಾಗಿಲ್ಲ, ಅದು ಐದಕ್ಕೆ ಹೊಡೆಯುತ್ತೆ, ಅಲ್ಲಿವರೆಗೆ ನೀವೂ ಕೂತಿರಿ ಎಂದರು. ಪೊಲೀಸರಿಗೆ ಕಾಯುವ ಧೈರ್ಯವಿರಲಿಲ್ಲ. ಸ್ಟೂಲಿನ ಸಮೇತ ಎತ್ತಿಕೊಂಡರು. ಸುತ್ತು ಮೆಟ್ಟಿಲಿನಲ್ಲಿ ಮೂರು ಕಡೆ ಇಳಿಸಿ ಸುಧಾರಿಸಿಕೊಂಡು, “ಸ್ವಲ್ಪ ಬಲಕ್ಕೆ ವಾಲಿ ಅಯ್ಯಾ” ಎಂದು ಬೇಡಿಕೊಂಡು, ಕೆಳಗೆ ತಂದರು. ಕೂತ ಜನರ ನಡುವೆ ಅಜ್ಜ ಕೂತೇ ಬಂದರು, ಬರಿಗಾಲು ಜೋತಾಡಿಸುತ್ತಾ.

ಅಜ್ಜಿ ಏಳುವ ಹಾಗಿರಲಿಲ್ಲ. ಸ್ಟೂಲು ತಮ್ಮೆದುರಿಗೆ ಬಂದಾಗ ಕೂಗಿ ಹೇಳಿದರು. ಮೂರು ವಾರದ ಮೇಲೆ, ಕೂಸಿನ ನೆರವಿಲ್ಲದೆ.

“ರೀ, ಚಪ್ಪಲಿ ಬಿಟ್ಟು ಬಂದಿದ್ದೀರ.”

ಪೊಲೀಸರು ನಿಂತರು. ಒಬ್ಬ ತಾನಾಗಿ ಓಡಿಹೋಗಿ ಗೋಪುರದ ಬುಡದಿಂದ ಚಪ್ಪಲಿ ತಂದು ಅಜ್ಜನ ಕಾಲಿಗೆ ತೊಡಿಸಿದ. ಅಜ್ಜ ಹೆಂಡತಿಯನ್ನು ನೋಡಿದರು. ಕೆಲಸ, ಕೋಣೆ, ಜೈಲು, ಯಾವುದರ ಮಾತೂ ಎತ್ತಲಿಲ್ಲ.

“ಎಣಿಸಿದ್ಯಾ? ಎಷ್ಟು ಹೊಡೀತು?”

“ಹನ್ನೊಂದು.”

“ನಾಲ್ಕು ಗಂಟೆಗೆ” ಎಂದರು ಅಜ್ಜ, ತಲೆ ತಗ್ಗಿಸಿ.

“ಇರಲಿ ಬಿಡಿ” ಎಂದರು ಅಜ್ಜಿ. “ಸರಿಯಾಗೇ ಹೊಡೀತು.”

ನಾಲ್ಕು ತಿಂಗಳ ಜೈಲು. ಅಂದೇ ಸಂಜೆ ಅಜ್ಜಿ ಕೂಸನ್ನೂ ಪಾತ್ರೆಗಳನ್ನೂ ಹೊಲಿಗೆ ಶಾಲೆಯ ಹಿಂದಿನ ಕೋಣೆಗೆ ಸಾಗಿಸಿದರು. ಹದಿಮೂರು ಹೆಂಗಸರು ಒಂದೊಂದು ಪಾತ್ರೆ ಹೊತ್ತರು. ಸರ್ಕಾರ ಗಂಟೆಯ ಸುತ್ತಿಗೆಯನ್ನೇ ಬಿಚ್ಚಿಸಿ ಒಯ್ದಿತು. ಹೊರಬಂದ ಮೇಲೆ ಅಜ್ಜ ಕೈಗಡಿಯಾರ ರಿಪೇರಿಗೆ ಕೂತರು. ಕಣ್ಣು ಕಾಣದ ಆ ಮುದುಕಿ ಬದುಕಿರುವವರೆಗೂ ದಿನಕ್ಕೆ ಮೂರು ಸಲ ಹೋಗಿ ಹೊತ್ತು ಹೇಳಿ ಬರುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಸುತ್ತಿಗೆ ಹುಡುಕಿ ತಂದರು, ಎಣಿಕೆ ಸರಿಮಾಡಲು ಅಜ್ಜನನ್ನೇ ಕರೆದರು. ಬೆರಳಿಂದ ಕೊಕ್ಕೆ ಎತ್ತಿ ಎತ್ತಿ ಅವರು ಚಕ್ರವನ್ನು ಸರಿಯಾದ ಜಾಗಕ್ಕೆ ತರುವವರೆಗೆ ಗಂಟೆ ಒಂದೇ ಸಮನೆ ಹೊಡೆಯಿತು. ಊರು ಕೆಲಸ ಬಿಟ್ಟು ಕೇಳಿತು. ಅಷ್ಟು ವರ್ಷದ ಬಾಕಿ ಮಾತನ್ನೆಲ್ಲ ಒಂದೇ ಸಲ ಆಡಿ ಮುಗಿಸುವ ಹಾಗಿತ್ತು ಎಂದು ಅಜ್ಜಿ ಹೇಳುತ್ತಿದ್ದರು, ಬಹುಶಃ ತಮ್ಮ ಮೂರು ವಾರಗಳನ್ನೇ ನೆನೆದು.

ಪುರಸಭೆಯವರಿಗೆ ನಾನು ಪತ್ರ ಬರೆದಿದ್ದೇನೆ. ಮೂರು ಸಾಲು ಬೇಡ, ಸೋಡಾ ಕಾರ್ಖಾನೆಯವರ ಚಿತ್ರವನ್ನು ಬೇಕಾದರೆ ಇನ್ನಷ್ಟು ದೊಡ್ಡದು ಮಾಡಿ. ಮುಂದಿನ ಮುದ್ರಣದಲ್ಲಿ ‘ಧಿಕ್ಕರಿಸಿ’, ‘ವೀರಾವೇಶದಿಂದ’, ‘ಬಾರಿಸಿದರು’ ಇವಿಷ್ಟನ್ನೂ ಹೊಡೆದು ಹಾಕಿ, ‘ಗೋಪುರದ ಗಡಿಯಾರ ನೋಡಿಕೊಳ್ಳುತ್ತಿದ್ದ ಇವರು’ ಎಂಬುದರ ಮುಂದೆ ಒಂದೇ ಪದ ಹಾಕಿದರೆ ಸಾಕು ಎಂದಿದ್ದೇನೆ: ಕೂತರು.